ದೇವರ ಮೇಲೆ ಲಿಗೋರಿಯ ಹೊಟ್ಟೆಕಿಚ್ಚು

ಸಿದ್ದಕಟ್ಟೆಯ ಲಿಗೋರಿ ತಾವ್ರೊನಿಗೆ ದೇವರ ಮೇಲೆ ಹೊಟ್ಟೆಕಿಚ್ಚು ಇತ್ತು. ದೇವರಿಲ್ಲ ಎನ್ನುವ ಪೈಕಿಯವನಲ್ಲ ಅವನು. ಇದ್ದಾನೆ ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಇಲ್ಲದವನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ?

ಲಿಗೋರಿ ಮೂಡಬಿದಿರೆ–ಬಿ.ಸಿ. ರೋಡ್ ನಡುವೆ ಓಡುವ ಖಾಸಗಿ ಸರ್ವಿಸ್ ಬಸ್ಸಿನ ಡ್ರೈವರ್. ವಯಸ್ಸು ಐವತ್ತೈದು. ಖಾಕಿ ಅಂಗಿ, ಕಿವಿಯ ಹಿಂದೆ ಒಂದು ಪೆನ್ನು, ಸದಾ ಅರ್ಧ ಮುಚ್ಚಿದಂತಿರುವ ಕಣ್ಣು. ಸಂಗಬೆಟ್ಟಿನ ತಿರುವಿನಲ್ಲಿ ಯಾವ ಮನೆಯ ಹುಡುಗಿ ಓಡಿಕೊಂಡು ಬರುತ್ತಾಳೆ, ಸೊರ್ನಾಡಿನಲ್ಲಿ ಯಾವ ಅಜ್ಜನನ್ನು ಹತ್ತಿಸಲು ಒಂದು ನಿಮಿಷ ಹೆಚ್ಚು ನಿಲ್ಲಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಮೂವತ್ತು ವರ್ಷಗಳಲ್ಲಿ ಒಂದು ಕೋಳಿಯನ್ನೂ ಚಕ್ರದ ಅಡಿಗೆ ಹಾಕಿದವನಲ್ಲ ಎಂದು ಕಂಡಕ್ಟರ್ ಶೋಧನ್ ಹೊಸ ಪ್ರಯಾಣಿಕರಿಗೆ ಹೆಮ್ಮೆಯಿಂದ ಹೇಳುವುದಿತ್ತು. ಇಂಥ ನಿಧಾನದ ಮನುಷ್ಯನ ಹೊಟ್ಟೆಯೊಳಗೆ ಇಂಥದ್ದೊಂದು ಕಿಚ್ಚು ಉರಿಯುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪಾಪನಿವೇದನೆಗೆ ಕೂತಾಗಲೂ ಅವನು ಇದೊಂದನ್ನು ಹೇಳುತ್ತಿರಲಿಲ್ಲ. ಹೇಳಿದರೆ ಪಾದ್ರಿಗಳಿಗೆ ನಗು ಬಂದೀತು ಎಂಬ ಹೆದರಿಕೆ.

ಕಿಚ್ಚಿಗೆ ಕಾರಣ ಅವನ ಹೆಂಡತಿ ಪಾವ್ಲಿನ್.

ಅವಳು ಮುಂಡಾಜೆಯ ಹುಡುಗಿ. ತೊಂಬತ್ತಾರನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿಂದ ಮೂಡಬಿದಿರೆಗೆ ಹೊರಟ ಒಂದು ದಿಬ್ಬಣದ ಬಸ್ಸನ್ನು ಓಡಿಸಿದವನು ಲಿಗೋರಿ. ಗುರುವಾಯನಕೆರೆ ದಾಟುವಾಗ ಹಿಂದಿನ ಸೀಟಿನಿಂದ ಯಾರೋ ಮದುವೆಯ ಹಾಡು ಎತ್ತಿಕೊಂಡರು. ಇಡೀ ಬಸ್ಸು ಜೊತೆಗೂಡಿತು, ಆದರೆ ಒಂದು ಸ್ವರ ಮಾತ್ರ ಉಳಿದ ಎಲ್ಲ ಸ್ವರಗಳ ಮೇಲೆ ನಿಂತಿತು. ಲಿಗೋರಿ ಕನ್ನಡಿಯನ್ನು ಕೈಯಿಂದ ಸ್ವಲ್ಪ ತಿರುಗಿಸಿದ. ನೀಲಿ ಸೀರೆ, ತೆಳ್ಳಗಿನ ಕುತ್ತಿಗೆ, ಹಾಡುವಾಗ ಮುಚ್ಚಿಕೊಂಡ ಕಣ್ಣು. ವೇಣೂರಿನವರೆಗೂ ಅವನು ಬಸ್ಸನ್ನು ಮೂರನೇ ಗೇರಿನಲ್ಲೇ ನಿಧಾನಕ್ಕೆ ಓಡಿಸಿದನಂತೆ. ಮುಂದಿನ ವರ್ಷ ಅವರ ಮದುವೆಯಾಯಿತು.

ಆ ಸ್ವರ ಇನ್ನು ತನ್ನ ಮನೆಯೊಳಗೆ ಓಡಾಡಿಕೊಂಡಿರುತ್ತದೆ ಎಂದು ಅವನು ಎಣಿಸಿದ್ದ. ಹಾಗಾಗಲಿಲ್ಲ. ಪಾವ್ಲಿನ್ ಹಾಡುತ್ತಿದ್ದದ್ದು ಇಗರ್ಜಿಯಲ್ಲಿ ಮಾತ್ರ. ಭಾನುವಾರ ಬಲಿಪೂಜೆಯ ಹೊತ್ತಿಗೆ ಕ್ವಾಯರಿನವರ ಜೊತೆ ಮೇಲಿನ ಅಟ್ಟದಲ್ಲಿ ನಿಂತು ಅವಳು ಕೀರ್ತನೆ ಎತ್ತಿಕೊಂಡರೆ ಹೊರಗೆ ಬೈಕಿಗೆ ಒರಗಿ ನಿಂತ ಗಂಡಸರೂ ಮಾತು ನಿಲ್ಲಿಸುತ್ತಿದ್ದರು. ಆ ಗಂಡಸರ ನಡುವೆ ಲಿಗೋರಿಯೂ ಇರುತ್ತಿದ್ದ. ಎಲ್ಲರೂ ಕೇಳುವಷ್ಟನ್ನೇ ಅವನೂ ಕೇಳುತ್ತಿದ್ದ, ಒಂದು ಸಾಲು ಹೆಚ್ಚಿಲ್ಲ.

ಮದುವೆಯ ಹೊಸತರಲ್ಲಿ ಒಮ್ಮೆ ಕೇಳಿಯೇ ಬಿಟ್ಟಿದ್ದ.

"ಮನೆಯಲ್ಲಿ ಯಾಕೆ ಹಾಡುವುದಿಲ್ಲ ನೀನು?"

"ಮನೆಯಲ್ಲಿ ನಾಚಿಕೆ ಆಗ್ತದೆ," ಎಂದಳು ಪಾವ್ಲಿನ್. "ಅಲ್ಲಿ ಮೇಲೆ ನಿಂತರೆ ಯಾರೂ ಕಾಣುವುದಿಲ್ಲ. ಅವನಿಗೆ ಮಾತ್ರ ಹಾಡಿದ ಹಾಗೆ ಆಗ್ತದೆ."

ಅವನಿಗೆ ಮಾತ್ರ. ಲಿಗೋರಿ ಮತ್ತೆ ಕೇಳಲಿಲ್ಲ.

ಹಾಡು ಒಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದನೋ ಏನೋ. ಪ್ರತಿ ಗುರುವಾರ ಸಂಜೆ ಐದು ಗಂಟೆಗೆ ಇಗರ್ಜಿಯ ಪಕ್ಕದ ಚಿಕ್ಕ ಪ್ರಾರ್ಥನಾಲಯದಲ್ಲಿ ಪರಮ ಪ್ರಸಾದದ, ಎಂದರೆ ಕ್ರಿಸ್ತನೇ ಎಂದು ನಂಬುವ ಬಿಳಿಯ ರೊಟ್ಟಿಯ, ಆರಾಧನೆ ಇರುತ್ತಿತ್ತು. ಪಾವ್ಲಿನ್ ಒಂದು ವಾರವೂ ತಪ್ಪಿಸಿದವಳಲ್ಲ. ಬಾಣಂತನದಲ್ಲಿ ಮಾತ್ರ ನಾಲ್ಕು ವಾರ ಹೋಗಲಿಲ್ಲ, ಆ ನಾಲ್ಕು ಗುರುವಾರವೂ ಕಿಟಕಿಯಿಂದ ಇಗರ್ಜಿಯ ದಿಕ್ಕಿಗೆ ನೋಡುತ್ತ ಕೂತಿದ್ದಳು. ಅಲ್ಲಿಂದ ಬರುವಾಗ ಅವಳ ಮುಖ ಬೇರೆಯಾಗಿರುತ್ತಿತ್ತು. ತವರುಮನೆಗೆ ಹೋಗಿ ಬಂದ ಹೆಂಗಸಿನ ಮುಖ. ತನ್ನ ಜೊತೆ ಧರ್ಮಸ್ಥಳದ ದಾರಿಯಲ್ಲೋ ಮಂಗಳೂರಿನ ಬೀದಿಯಲ್ಲೋ ತಿರುಗಾಡಿ ಬಂದಾಗ ಆ ಮುಖ ಇರುವುದಿಲ್ಲ ಎಂಬುದನ್ನು ಲಿಗೋರಿ ಗಮನಿಸಿದ್ದ.

ಮಗಳು ರೊವಿನಾಳಿಗೆ ಕುವೈತಿನಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಅವನಿಗೆ ಕಳುಹಿಸಲು ಮನಸ್ಸಿರಲಿಲ್ಲ. ಪಾವ್ಲಿನ್, "ಗುರುವಾರ ಕಳೆಯಲಿ, ಹೇಳ್ತೇನೆ," ಎಂದಳು. ಗುರುವಾರ ಕಳೆದ ಮೇಲೆ, "ಹೋಗಲಿ ಅವಳು," ಎಂದಳು.

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲ. ನನ್ನ ಹೆದರಿಕೆ ಹೋಯಿತು, ಅಷ್ಟೆ."

ಲಿಗೋರಿಯ ಹೆದರಿಕೆ ಹೋಗಿರಲಿಲ್ಲ. ಹೆಂಡತಿಯ ಹೆದರಿಕೆಯನ್ನು ಅಷ್ಟು ಸಲೀಸಾಗಿ ಇಳಿಸಿದ ದೇವರು ಅದೇ ಮನೆಯಲ್ಲಿರುವ ಗಂಡನದ್ದನ್ನೂ ಇಳಿಸಬಾರದಿತ್ತೇ ಎಂದು ಅವನಿಗೆ ಅನಿಸಿತು. ವಿಮಾನ ಹಾರಿದ ದಿನ ಅವನು ಹೊಟ್ಟೆಗೆ ಏನೂ ಹಾಕಿಕೊಳ್ಳಲಿಲ್ಲ. ಪಾವ್ಲಿನ್ ಬೂತಾಯಿ ಮೀನು ಹುರಿದು ಅನ್ನ ಉಂಡಳು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಎರಡು ವರ್ಷದ ಹಿಂದೆ, ಜನವರಿ ತಿಂಗಳ ಒಂದು ಮಧ್ಯಾಹ್ನ, ಬಿ.ಸಿ. ರೋಡಿನಲ್ಲಿ ಬಸ್ಸು ನಿಂತಿದ್ದಾಗ ಶೋಧನ್ ಚಹಾದ ಲೋಟ ಹಿಡಿದುಕೊಂಡು ಬಂದ.

"ಲಿಗೋರಿಯಣ್ಣ, ಅಕ್ಕನಿಗೆ ಹುಷಾರುಂಟಲ್ಲ?"

"ಯಾಕೆ?"

"ಅಲ್ಲ, ಮಂಗಳೂರಿನ ಆಸ್ಪತ್ರೆಯ ಹತ್ತಿರ ಇಳಿದರಂತೆ. ಆ ಬಸ್ಸಿನ ಕಂಡಕ್ಟರ್ ನಿತೇಶ್ ಹೇಳಿದ. ಕೈಯಲ್ಲಿ ಫೈಲ್ ಇತ್ತಂತೆ. ಇದು ಮೂರನೇ ಸಲ ಅಂತೆ." ಲಿಗೋರಿಯ ಮುಖ ನೋಡಿ ಶೋಧನ್ ಚಹಾದ ಲೋಟ ಕೆಳಗಿಟ್ಟ. "ನಿಮಗೆ ಗೊತ್ತಿರಬಹುದು ಅಂತ ಕೇಳಿದೆ ಮಾರಾಯ್ರೆ."

ಡ್ರೈವರನ ಹೆಂಡತಿ ಈ ಮೂರು ತಾಲೂಕಿನಲ್ಲಿ ಎಲ್ಲಿ ಹತ್ತಿ ಎಲ್ಲಿ ಇಳಿದರೂ ಸುದ್ದಿ ಬಸ್ಸಿನಿಂದ ಬಸ್ಸಿಗೆ ದಾಟಿ ಗಂಡನ ಸ್ಟೇರಿಂಗಿನ ತನಕ ಬರುತ್ತದೆ. ಪಾವ್ಲಿನಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಹೇಳದೆ ಹೋಗಿದ್ದಾಳೆ, ಮೂರು ಸಲ. ಆ ದಿನದ ಉಳಿದ ಟ್ರಿಪ್‌ಗಳನ್ನು ಲಿಗೋರಿ ಹೇಗೆ ಓಡಿಸಿದನೋ, ಸೊರ್ನಾಡಿನಲ್ಲಿ ಕೈ ಮಾಡಿದ ಅಜ್ಜನನ್ನು ಬಿಟ್ಟೇ ಬಂದಿದ್ದ.

ಮನೆಗೆ ಬಂದಾಗ ಪಾವ್ಲಿನ್ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವನು ಚಪ್ಪಲಿಯನ್ನೂ ಕಳಚದೆ ನಿಂತ.

"ಎಂತ ಆಗಿದೆ ನಿನಗೆ?"

ಅವಳು ಮುಚ್ಚಿಡಲಿಲ್ಲ. ಕೊರಳ ಕೆಳಗೆ ಬಲಬದಿಗೆ ಬೆರಳಿಟ್ಟು ತೋರಿಸಿದಳು. ಸಣ್ಣ ನೆಲ್ಲಿಕಾಯಿಯಷ್ಟು ಗಂಟು. ಥೈರಾಯ್ಡ್ ಅಂತೆ. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆ. ಆಪರೇಶನ್ ಮಾಡಿ ತೆಗೆಯಬೇಕು ಅನ್ನುತ್ತಾರೆ.

"ಯಾವಾಗ ಗೊತ್ತಾದದ್ದು?"

"ಕ್ರಿಸ್ಮಸ್ಸಿಗೆ ಮೊದಲು."

"ಕ್ರಿಸ್ಮಸ್ಸಿಗೆ ಮೊದಲು," ಎಂದ ಲಿಗೋರಿ. ಕ್ರಿಸ್ಮಸ್ಸಿನ ದಿನ ಅವಳು ಹಾಡಿದ್ದು, ಕುಸ್ವಾರಿನ ತಿಂಡಿ ಹಂಚಿದ್ದು, ನಕ್ಕದ್ದು, ಎಲ್ಲ ನೆನಪಾಯಿತು. "ಯಾರಿಗೆಲ್ಲ ಹೇಳಿದ್ದಿ?"

"ಯಾರಿಗೂ ಇಲ್ಲ."

"ಅವನಿಗೆ ಹೇಳಿದ್ದಿಯಲ್ಲ?"

ಪಾವ್ಲಿನಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ಹೌದು. ಅವನಿಗೆ ಹೇಳಿದ್ದೇನೆ."

"ಒಂದು ತಿಂಗಳು ನಾನು ನಿನ್ನ ಎದುರು ಕೂತು ಅನ್ನ ತಿಂದೆ. ನನಗೆ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ಅವನಿಗೆ ಹೇಳಿದರೆ ಅವನು ಹೆದರುವುದಿಲ್ಲ," ಎಂದಳು ಅವಳು ಮೆಲ್ಲಗೆ. "ನೀವು ಹೆದರ್ತೀರಿ. ನಿಮ್ಮ ಹೆದರಿಕೆಯನ್ನೂ ನಾನೇ ಹೊರಬೇಕಾಗ್ತದೆ."

ಸತ್ಯವೇ. ಸತ್ಯವಾದ್ದರಿಂದಲೇ ಅವನಿಗೆ ಹೆಚ್ಚು ಉರಿಯಿತು. ಹೆಂಡತಿಗೆ ರೋಗ ಬಂದ ಸುದ್ದಿ ಕೇಳಿದ ಹೊತ್ತಿನಲ್ಲಿ ಗಂಡಸಿಗೆ ಬರಬೇಕಾದ್ದು ಕನಿಕರ, ದುಃಖ. ತನಗೆ ಮೊದಲು ಬಂದದ್ದು ಕಿಚ್ಚು ಎಂಬುದನ್ನು ಲಿಗೋರಿ ಆಮೇಲೆ ಎಷ್ಟೋ ದಿನ ನೆನೆದು ನಾಚಿಕೊಂಡ.

ಮುಂದಿನ ವಾರ ಇಬ್ಬರೂ ಒಟ್ಟಿಗೆ ಹೋದರು. ಡಾಕ್ಟರಮ್ಮ ಒಂದು ಚಿತ್ರ ಬಿಡಿಸಿ ತೋರಿಸಿದರು. ಗಂಟು ಸ್ವರದ ನರಕ್ಕೆ ತಾಗಿಕೊಂಡಿದೆ. ಜಾಗ್ರತೆಯಾಗಿ ಬಿಡಿಸುತ್ತೇವೆ. ಆದರೆ ನರಕ್ಕೆ ಪೆಟ್ಟಾದರೆ ಸ್ವರ ಬದಲಾಗಬಹುದು, ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಇಲ್ಲ. ಈಗಲೇ ಏನೂ ಹೇಳಲಿಕ್ಕಾಗುವುದಿಲ್ಲ. "ಇವರು ಹಾಡುವವರು ಡಾಕ್ಟ್ರೇ," ಎಂದ ಲಿಗೋರಿ, ಡಾಕ್ಟರು ಆ ಒಂದು ಕಾರಣಕ್ಕಾದರೂ ಮನಸ್ಸು ಬದಲಿಸುತ್ತಾರೆ ಎನ್ನುವಂತೆ.

ಊರಿಗೆ ಬಂದು ಬಸ್ಸಿಳಿದವಳೇ ಪಾವ್ಲಿನ್, "ಒಂದು ಗಳಿಗೆ," ಎಂದು ಪ್ರಾರ್ಥನಾಲಯದ ಕಡೆಗೆ ನಡೆದಳು. ಅಂದು ಗುರುವಾರವೂ ಅಲ್ಲ. ಲಿಗೋರಿ ಹೊರಗೆ ಮಾವಿನ ಮರದ ಕಟ್ಟೆಯಲ್ಲಿ ಕೂತ. ಒಂದು ಗಳಿಗೆ ಎಂದವಳು ಮುಕ್ಕಾಲು ಗಂಟೆ ಬರಲಿಲ್ಲ. ಚಿತ್ರ ನೋಡುವಾಗ ಅವಳ ಪಕ್ಕದಲ್ಲಿ ಕೂತಿದ್ದವನು ತಾನು. ಅವಳ ತಣ್ಣಗಾದ ಕೈ ಹಿಡಿದಿದ್ದವನು ತಾನು. ಅಳುವುದು ಮಾತ್ರ ಒಳಗೆ, ಅವನ ಮುಂದೆ. ಬಸ್ಸಿನವರಿಗೆ ಈ ಸಂಕಟ ಚೆನ್ನಾಗಿ ಗೊತ್ತು: ಐದು ನಿಮಿಷ ಮುಂದೆ ಓಡುವ ಬಸ್ಸು ದಾರಿಯ ಜನರನ್ನೆಲ್ಲ ಹತ್ತಿಸಿಕೊಂಡು ಹೋಗಿರುತ್ತದೆ, ಹಿಂದಿನವನು ಎಷ್ಟು ಹಾರ್ನ್ ಹಾಕಿದರೂ ಖಾಲಿ ಸ್ಟಾಪುಗಳೇ ಸಿಗುತ್ತವೆ.

ಆಪರೇಶನ್ನಿಗೆ ಮೊದಲಿನ ಭಾನುವಾರ ಅವಳು ಕೀರ್ತನೆ ಹಾಡಿದಳು. ವಿಷಯ ವಾಳೆಯ, ಎಂದರೆ ಇಗರ್ಜಿಗೆ ಸೇರಿದ ಆ ಕೇರಿಯ, ಎಲ್ಲರಿಗೂ ಹಬ್ಬಿಯಾಗಿತ್ತು. ಮುಂದಿನ ಬೆಂಚಿನ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪೂಜೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದು, "ನಾವೆಲ್ಲ ಪ್ರಾರ್ಥನೆ ಮಾಡ್ತೇವೆ ಪಾವ್ಲಿನ್ ಬಾಯಿ," ಎಂದರು. ಎಲ್ಲರಿಗೂ ಅವಳಲ್ಲಿ ಒಂದೊಂದು ಪಾಲು ಇತ್ತು. ಲಿಗೋರಿ ಬೈಕ್ ಸ್ಟಾರ್ಟ್ ಮಾಡಿಕೊಂಡು ಗೇಟಿನ ಹತ್ತಿರ ಕಾದ.

ಅಂದು ಮಧ್ಯಾಹ್ನ ಊಟವಾದ ಮೇಲೆ ಅವನು ಇಪ್ಪತ್ತೇಳು ವರ್ಷಗಳ ನಂತರ ಎರಡನೇ ಸಲ ಕೇಳಿದ.

"ಪಾವ್ಲಿ, ಒಂದು ಹಾಡು ಹೇಳ್ತಿಯಾ? ಇಲ್ಲಿ. ನನಗೆ."

ಅವಳು ತಟ್ಟೆ ತೆಗೆಯುತ್ತಿದ್ದವಳು ನಿಂತಳು. ಮುಖ ಕೆಂಪಾಯಿತು. ಒಂದು ಕ್ಷಣ ಹಾಡಿಯೇ ಬಿಡುತ್ತಾಳೆ ಎಂದು ಅವನಿಗೆ ಅನಿಸಿತ್ತು.

"ಆಪರೇಶನ್ ಆಗಲಿ," ಎಂದಳು. "ಆಗಿ ಬಂದ ಮೇಲೆ ಹಾಡ್ತೇನೆ, ಇಲ್ಲೇ ಕೂತು. ಈಗ ಹಾಡಿದರೆ ಇದೇ ಕೊನೆಯದ್ದು ಅಂತ ಒಪ್ಪಿಕೊಂಡ ಹಾಗೆ ಆಗ್ತದೆ. ನಾನು ಅದನ್ನು ಅವನಿಗೆ ಬಿಟ್ಟಿದ್ದೇನೆ. ಅವನು ನೋಡಿಕೊಳ್ತಾನೆ."

ಆಪರೇಶನ್ ನಾಲ್ಕು ಗಂಟೆ ನಡೆಯಿತು. ಗಂಟು ಡಾಕ್ಟರು ಎಣಿಸಿದ್ದಕ್ಕಿಂತ ಹೆಚ್ಚು ಒಳಗೆ ಬೇರು ಬಿಟ್ಟಿತ್ತು. ನರದ ಒಂದು ತುಂಡನ್ನು ಅದರ ಜೊತೆಯಲ್ಲೇ ತೆಗೆಯಬೇಕಾಯಿತು. ಮರುದಿನ ಪಾವ್ಲಿನ್ ಬಾಯಿ ತೆರೆದು ಏನೋ ಹೇಳಿದಳು. ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಶಬ್ದ ಬಂತು. ಅವಳು ಹೇಳಿದ್ದು, "ನೀರು."

ಲಿಗೋರಿ ಚಮಚದಿಂದ ನೀರು ಕುಡಿಸಿದ. ಆ ಗಳಿಗೆಯಲ್ಲಿ ಅವನೊಳಗೆ ಏನಾಯಿತು ಎಂಬುದನ್ನು ಅವನು ತನಗೇ ಹೇಳಿಕೊಳ್ಳಲು ಹೆದರಿದ. ದುಃಖವಿತ್ತು, ಅದು ಬೇಕಾದಷ್ಟಿತ್ತು. ಅದರ ಅಡಿಯಲ್ಲಿ ಒಂದು ಸಣ್ಣ ಖುಷಿಯೂ ಇತ್ತು. ಇವಳು ಅವನನ್ನು ನಂಬಿದಳು, ಅವನು ನೋಡಿಕೊಳ್ಳಲಿಲ್ಲ. ಇನ್ನು ಇವಳಿಗೆ ಇರುವುದು ನಾನೇ.

ತೆಗೆದ ಗಂಟು ಕ್ಯಾನ್ಸರ್ ಎಂದು ರಿಪೋರ್ಟ್ ಬಂತು. ಬೇಗ ಹರಡುವ ಜಾತಿಯದಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಒಂದು ಅಯೋಡಿನ್ ಮದ್ದು ಕೊಡುತ್ತೇವೆ, ಅದು ದೇಹದೊಳಗೆ ಉಳಿದದ್ದನ್ನು ಸುಡುತ್ತದೆ. ಆದರೆ ಮದ್ದು ಕುಡಿದವರ ಮೈಯಿಂದ ಕೆಲವು ದಿನ ವಿಕಿರಣ ಹೊರಗೆ ಬರುತ್ತಿರುತ್ತದೆ, ಯಾರೂ ಹತ್ತಿರ ಹೋಗಬಾರದು. ಮೂರು ದಿನ ಆಸ್ಪತ್ರೆಯ ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳೇ ಇರಬೇಕು. ಮನೆಗೆ ಬಂದ ಮೇಲೂ ಒಂದು ವಾರ ಬೇರೆ ಕೋಣೆ, ಬೇರೆ ತಟ್ಟೆ.

ರೊವಿನಾ ರಜೆ ಹಾಕಿ ಬರುತ್ತೇನೆ ಎಂದಳು. "ಬಂದರೂ ಹತ್ತಿರ ಬಿಡುವುದಿಲ್ಲ ಮಗಾ, ಆಮೇಲೆ ಬಾ," ಎಂದ ಲಿಗೋರಿ. ಮನೆಯ ಹಿಂದಿನ ಕೋಣೆಯನ್ನು ಅವನೇ ಗುಡಿಸಿ ಒರೆಸಿ ಮಂಚ ಹಾಕಿದ. ಬಾಗಿಲ ಹೊರಗೆ ಒಂದು ಸ್ಟೂಲು. ಅದರ ಮೇಲೆ ಗಂಜಿ, ಉಪ್ಪಿನಕಾಯಿ, ನೀರು ಇಟ್ಟು, ಬಾಗಿಲು ತಟ್ಟಿ ಪಡಸಾಲೆಗೆ ಬಂದು ಕೂರುತ್ತಿದ್ದ. ಬಾಗಿಲು ತೆರೆಯುವ ಸದ್ದು, ಮುಚ್ಚುವ ಸದ್ದು. ಮದುವೆಯಾದ ಮೇಲೆ ಅವರು ಒಂದೇ ಮನೆಯಲ್ಲಿ ಇಷ್ಟು ದೂರ ಇದ್ದದ್ದಿಲ್ಲ.

ಮೊದಲ ಎರಡು ದಿನ ಬಾಗಿಲಿನ ಆಚೆಯಿಂದ ಜಪಸರದ ಪಿಸುಮಾತು ಕೇಳಿಸಿತು. ಆ ಹರಿದ ಸ್ವರದಲ್ಲಿ ಐವತ್ತಮೂರು ಸಲ ಮರಿಯಮ್ಮನನ್ನು ಕರೆಯುವುದು ಸುಲಭವಲ್ಲ, ನಡುನಡುವೆ ಕೆಮ್ಮು ಬರುತ್ತಿತ್ತು. ಲಿಗೋರಿ ಪಡಸಾಲೆಯಲ್ಲಿ ಕೂತು ಕೇಳಿದ. ಆ ಕೋಣೆಗೆ ಗಂಡ ಹೋಗುವಂತಿಲ್ಲ, ಹೆತ್ತ ಮಗಳು ಹೋಗುವಂತಿಲ್ಲ. ಡಾಕ್ಟರೂ ಹೋಗುವಂತಿಲ್ಲ. ಅವನೊಬ್ಬ ಹೋಗಿ ಕೂತಿದ್ದಾನೆ. ಸ್ವರ ಕಿತ್ತುಕೊಂಡವನೇ ಹೋಗಿ ಮಂಚದ ಪಕ್ಕ ಕೂತಿದ್ದಾನೆ, ಇವಳು ಉಳಿದ ಚೂರು ಸ್ವರವನ್ನೂ ಅವನಿಗೇ ಕೊಡುತ್ತಿದ್ದಾಳೆ. ಲಿಗೋರಿ ಎದ್ದು ಟಿವಿಯ ಸದ್ದು ಜೋರು ಮಾಡಿದ.

ಮೂರನೇ ದಿನ ಟಿವಿ ಆರಿಸಿದಾಗ ಬಾಗಿಲಿನ ಆಚೆ ಸದ್ದಿರಲಿಲ್ಲ. ನಾಲ್ಕನೇ ದಿನವೂ ಇರಲಿಲ್ಲ.

ವಾರ ಮುಗಿದು ಪಾವ್ಲಿನ್ ಹೊರಗೆ ಬಂದಳು. ಅಡುಗೆ ಮಾಡಿದಳು, ಅಂಗಳ ಗುಡಿಸಿದಳು. ಭಾನುವಾರ ತಲೆನೋವು ಎಂದು ಮಲಗಿದಳು. ಗುರುವಾರ ಐದು ಗಂಟೆಗೆ, ಇನ್ನೂ ರಜೆಯಲ್ಲಿದ್ದ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಚಹಾ ಮಾಡಲಾ?" ಎಂದು ಕೇಳಿದಳು. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಕ್ವಾಯರಿನಲ್ಲಿ ಕೀರ್ತನೆ ಹಾಡಲು ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯನ್ನು ನಿಲ್ಲಿಸಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ಅವಳ ಕಿವಿಗೂ ಬಿದ್ದಿತ್ತು.

ಇಪ್ಪತ್ತೇಳು ವರ್ಷ ಲಿಗೋರಿ ಬಯಸಿದ್ದು ಇದನ್ನೇ. ಈಗ ಹೆಂಡತಿಯ ಎಲ್ಲ ಗುರುವಾರಗಳೂ ಅವನವು. ಅವನು ಬಸ್ಸಿನಿಂದ ಬೇಗ ಬಂದ, ಮೂಡಬಿದಿರೆಯಿಂದ ಅವಳಿಗೆ ಇಷ್ಟದ ಗೋಳಿಬಜೆ ತಂದ. ಅವಳು ತಿಂದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಟಿವಿಯಲ್ಲಿ ಯಾರೋ ನಕ್ಕರೆ ಅದರತ್ತ ನೋಡಿದಳು. ಆದರೆ ಅವನ ಎದುರು ಕೂತವಳು ಅವಳಲ್ಲ. ಮನೆಯ ಒಳಗಿನ ಸಾಮಾನೆಲ್ಲ ಸಾಗಿಸಿ ಬೀಗ ಹಾಕಿದ ಮನೆಯ ಜಗಲಿಯಲ್ಲಿ ತಾನು ಕೂತಂತೆ ಅವನಿಗೆ ಅನಿಸತೊಡಗಿತು. ಅವಳಲ್ಲಿ ತಾನು ಪ್ರೀತಿಸಿದ್ದರಲ್ಲಿ ಎಷ್ಟು ಪಾಲು ಆ ಗುರುವಾರಗಳಿಂದ ಬಂದದ್ದಾಗಿತ್ತು ಎಂದು ಅವನಿಗೆ ತಿಳಿದದ್ದು ಆಗ.

ಮೂರನೇ ಭಾನುವಾರ ಅವನೇ ಹೇಳಿದ.

"ಏಳು, ಇಗರ್ಜಿಗೆ ಹೋಗುವ."

"ನೀವು ಹೋಗಿ ಬನ್ನಿ."

"ಯಾಕೆ, ನೀನು?"

"ನನಗೆ ಅವನ ಹತ್ತಿರ ಮಾತಾಡಲಿಕ್ಕೆ ಏನೂ ಇಲ್ಲ," ಎಂದಳು ಪಾವ್ಲಿನ್ ಆ ಒಡಕು ಸ್ವರದಲ್ಲಿ. ಹೊದಿಕೆ ಮಡಚುತ್ತ, "ಸ್ವರ ಉಳಿಸು ಅಂತ ನಾನು ಒಮ್ಮೆಯೂ ಕೇಳಲಿಲ್ಲ. ನಿನ್ನ ಇಷ್ಟ ಅಂದೆ. ಕೇಳಬೇಕಿತ್ತು," ಎಂದಳು. "ನಿಮಗೆ ಅಂದು ಹಾಡಬೇಕಿತ್ತು ನಾನು."

ಲಿಗೋರಿ ಕಾಯುತ್ತಿದ್ದ ಮಾತೇ ಅದು. ಕೇಳಿದಾಗ ಯಾವ ಸಂತೋಷವೂ ಆಗಲಿಲ್ಲ.

ಆ ಗುರುವಾರ ಅವನ ಬಸ್ಸು ಸಿದ್ದಕಟ್ಟೆಗೆ ಬಂದಾಗ ನಾಲ್ಕೂ ನಲ್ವತ್ತು. ಬೇಗ ಬಂದಿದ್ದರಿಂದ ಹನ್ನೆರಡು ನಿಮಿಷ ಸಮಯವಿತ್ತು. ಅವನು ಇಳಿದು ಸೀದಾ ಪ್ರಾರ್ಥನಾಲಯಕ್ಕೆ ನಡೆದ. ಆರಾಧನೆಗೆ ಇನ್ನೂ ಯಾರೂ ಬಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ. ಮೊಣಕಾಲೂರಬೇಕೆಂದು ಅನಿಸಲಿಲ್ಲ. ಬಲಿಪೀಠದ ಮೇಲೆ ಹೊಳೆಯುವ ಪಾತ್ರೆಯ ನಡುವೆ ಬಿಳಿಯ ರೊಟ್ಟಿ. ಇವನ ಜೊತೆ ತಾನು ಮುಖಾಮುಖಿ ಕೂತದ್ದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು.

"ನೋಡು," ಎಂದ ಮೆಲುದನಿಯಲ್ಲಿ. "ನನಗೆ ನೀನು ಅಂದರೆ ಅಷ್ಟಕ್ಕಷ್ಟೆ. ನಿನಗೆ ಗೊತ್ತುಂಟು ಅದು. ಇಪ್ಪತ್ತೇಳು ವರ್ಷದಿಂದ ನೀನು ಮುಂದೆ, ನಾನು ಹಿಂದೆ. ಅವಳು ನಿನ್ನನ್ನು ಬಿಡಲಿ ಅಂತ ನಾನು ಆಸೆ ಪಟ್ಟಿದ್ದೇನೆ. ಈಗ ಬಿಟ್ಟಿದ್ದಾಳೆ. ನನಗೆ ಸಾಕಾಯಿತು. ನನ್ನಿಂದ ಆಗುವುದಿಲ್ಲ. ಮತ್ತೆ ಆರು ತಿಂಗಳಿಗೆ ಸ್ಕ್ಯಾನ್ ಉಂಟು, ಆಗ ಏನು ಬರ್ತದೋ, ಅವಳಿಗೆ ಆಗ ಹೆದರಿಕೆ ಆದರೆ ಅದನ್ನು ಇಳಿಸಲಿಕ್ಕೆ ನನಗೆ ಗೊತ್ತಿಲ್ಲ. ನಿನಗೆ ಗೊತ್ತುಂಟು. ಕರಿ ಅವಳನ್ನು. ನಾನು ಏನೂ ಹೇಳುವುದಿಲ್ಲ."

ಮೇಲೆ ಫ್ಯಾನ್ ಕಿರಕಿರ ಎನ್ನುತ್ತ ತಿರುಗುತ್ತಿತ್ತು. ಹೊರಗೆ ಶೋಧನ್ ಹಾರ್ನ್ ಒತ್ತುತ್ತಿದ್ದ. ಬಸ್ಸು ಅಂದು ನಾಲ್ಕು ನಿಮಿಷ ತಡವಾಗಿ ಹೊರಟಿತು, ಮೂಡಬಿದಿರೆಯಲ್ಲಿ ಟೈಮ್ ಕೀಪರನಿಂದ ಬೈಸಿಕೊಂಡದ್ದೂ ಆಯಿತು.

ಲಿಗೋರಿ ಮುಂದಿನ ಗುರುವಾರವೂ ಹೋದ. ಅದರ ಮುಂದಿನದ್ದಕ್ಕೂ. ಮನೆಯಲ್ಲಿ ಹೇಳಲಿಲ್ಲ. ಮೊದಲಿಗೆ ಜಗಳವಾಡಲು ಹೋಗುತ್ತಿದ್ದ. ಆಮೇಲೆ ಜಗಳದ ಮಾತು ಮುಗಿದು ಬೇರೆ ಮಾತು ಬಂದವು: ರೊವಿನಾ, ತನ್ನ ಸಕ್ಕರೆ ಕಾಯಿಲೆ, ಬಸ್ಸು ಮಾರುತ್ತೇನೆ ಎನ್ನುತ್ತಿರುವ ಧಣಿ, ಮಾರಿದರೆ ಈ ವಯಸ್ಸಿನಲ್ಲಿ ತನ್ನ ಗತಿ ಏನು ಎಂಬ ಚಿಂತೆ. ಇದನ್ನೆಲ್ಲ ಅವನು ಯಾರ ಹತ್ತಿರವೂ ಆಡಿದವನಲ್ಲ. ಆಡಿದ ಮೇಲೆ ಏನೂ ಬದಲಾಗುತ್ತಿರಲಿಲ್ಲ, ಆದರೆ ಬಸ್ಸು ಹತ್ತುವಾಗ ಭುಜ ಸ್ವಲ್ಪ ಹಗುರವಾಗಿರುತ್ತಿತ್ತು. ಹೆದರಿಕೆ ಹೋಯಿತು ಎಂದು ಪಾವ್ಲಿನ್ ಅಂದು ಹೇಳಿದ್ದು ಇದನ್ನೇ ಇರಬೇಕು ಎಂದು ಒಂದು ದಿನ ಅನಿಸಿತು. ಅನಿಸಿದೊಡನೆ ಸಿಟ್ಟೂ ಬಂತು, ಇಷ್ಟು ವರ್ಷ ಅವಳೊಬ್ಬಳೇ ಇದನ್ನು ಉಂಡಳಲ್ಲ ಎಂದು.

ಇಗರ್ಜಿಯ ಎದುರಿನ ಅಂಗಡಿ ಸಫಿಯಮ್ಮನದು. ಊರಿನಲ್ಲಿ ಕ್ರಿಸ್ತುವರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ. ಅಕ್ಕಿ ತರಲು ಹೋದ ಪಾವ್ಲಿನಳಿಗೆ ಸಫಿಯಮ್ಮ, "ನಿಮ್ಮ ಪೊರ್ಬುಗಳು ಈಗ ಗುರುವಾರ ಗುರುವಾರ ಒಳಗೆ ಹೋಗ್ತಾರಲ್ಲ ಬಾಯಿ. ಖಾಕಿ ಅಂಗಿಯಲ್ಲೇ. ನೀವು ಕಾಣುವುದೇ ಇಲ್ಲ," ಎಂದಳಂತೆ.

ಅಂದು ಸಂಜೆ ಲಿಗೋರಿ ಕಾಲು ತೊಳೆದು ಒಳಗೆ ಬಂದಾಗ ಪಾವ್ಲಿನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಕೇಳಿತಾ, ನೀವು ಗುರುವಾರ ಅಲ್ಲಿಗೆ ಹೋಗುವುದುಂಟಾ?"

ಲಿಗೋರಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಒರೆಸಿದ. "ಉಂಟು."

"ಎಷ್ಟು ಸಮಯದಿಂದ?"

"ಆರು ವಾರ ಆಯಿತು."

"ನನಗೆ ಹೇಳಲಿಲ್ಲ."

"ಇಲ್ಲ."

"ಎಂತ ಮಾತಾಡ್ತೀರಿ ಅವನ ಹತ್ತಿರ?"

"ಅದು ನಮ್ಮ ನಮ್ಮೊಳಗಿನದ್ದು," ಎಂದ ಲಿಗೋರಿ. ಬೇಕೆಂದು ಹೇಳಿದ್ದಲ್ಲ, ನಾಚಿಕೆಯಿಂದ ಹೇಳಿದ್ದು.

ಪಾವ್ಲಿನಳ ಮುಖದಲ್ಲಿ ಏನೋ ಹಾದುಹೋಯಿತು. ಆ ಮುಖಭಾವವನ್ನು ಲಿಗೋರಿ ಗುರುತಿಸಿದ. ಕನ್ನಡಿಯಲ್ಲಿ ಅದನ್ನು ಅವನು ಎಷ್ಟೋ ಸಲ ನೋಡಿದ್ದ. ಅವಳು ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಳಿಸಿದಳು. ಮೀನಿನ ಸಾರಿಗೆ ಅಂದು ಉಪ್ಪು ಎರಡು ಸಲ ಬಿದ್ದಿತ್ತು. ಅವನು ಪೂರ್ತಿ ಉಂಡ.

ಮುಂದಿನ ಗುರುವಾರ ನಾಲ್ಕೂ ನಲ್ವತ್ತಕ್ಕೆ ಅವನು ಬಾಗಿಲು ದೂಡಿ ಒಳಗೆ ಹೋದಾಗ ಮುಂದಿನ ಬೆಂಚಿನಲ್ಲಿ ಪಾವ್ಲಿನ್ ಕೂತಿದ್ದಳು. ತಲೆಯ ಮೇಲೆ ಸೆರಗು, ಬೆನ್ನು ನೆಟ್ಟಗೆ. ತಿರುಗಿ ನೋಡಲಿಲ್ಲ. ಅವನು ಎಂದಿನಂತೆ ಹಿಂದಿನ ಬೆಂಚಿನಲ್ಲಿ ಕೂತ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಳೋ, ಬೈಯುತ್ತಿದ್ದಳೋ, ಅವನಿಗೆ ಕೇಳಿಸಲಿಲ್ಲ. ಹೋಗಿ ಪಕ್ಕ ಕೂರಬೇಕೆಂದು ಕಾಲು ಎತ್ತಿದವನು ಮತ್ತೆ ಕೆಳಗಿಟ್ಟ. ಏನೂ ಹೇಳುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಅದನ್ನು ಹೊತ್ತುಕೊಂಡೇ ಅವನು ಕೂತ, ಹಾರ್ನ್ ಕೇಳುವ ತನಕ.

ಪಾವ್ಲಿನಳ ಸ್ವರ ಮರಳಲಿಲ್ಲ. ಫೋನಿನಲ್ಲಿ ಮಾತಾಡಿದರೆ ಗಂಡಸೆಂದು ತಿಳಿದು 'ಸರ್' ಅನ್ನುವವರಿದ್ದಾರೆ. ಕ್ವಾಯರಿನ ಹುಡುಗಿ ಶನಿವಾರ ಮನೆಗೆ ಬಂದು ಕೀರ್ತನೆ ಒಪ್ಪಿಸುತ್ತಾಳೆ. ತಪ್ಪಿದಲ್ಲಿ ಪಾವ್ಲಿನ್ ಕೈ ಎತ್ತಿ ತಡೆದು, ಸ್ವರ ಎಷ್ಟು ಮೇಲಕ್ಕೆ ಹೋಗಬೇಕು ಎಂದು ಬೆರಳಿನಲ್ಲಿ ತೋರಿಸುತ್ತಾಳೆ. ಆ ಹುಡುಗಿ ಹಾಡುವಾಗ ಪಾವ್ಲಿನಳ ಮುಖದಲ್ಲಿ ನೋವು ಕಾಣುವುದುಂಟು. ಅವಳು ಅದನ್ನು ಅಡಗಿಸುವುದಿಲ್ಲ. ಧಣಿ ಬಸ್ಸನ್ನು ಇನ್ನೂ ಮಾರಿಲ್ಲ, ಮಾರುವುದಿಲ್ಲ ಎಂದೂ ಹೇಳಿಲ್ಲ.

ಕಳೆದ ತಿಂಗಳು ಮತ್ತೊಂದು ಸ್ಕ್ಯಾನ್ ಆಯಿತು. ರಿಪೋರ್ಟ್ ಸೋಮವಾರ ಮಧ್ಯಾಹ್ನ ಲಿಗೋರಿಯ ಮೊಬೈಲಿಗೆ ಬಂತು. ಆಗ ಅವನು ಮೂಡಬಿದಿರೆ ಸ್ಟ್ಯಾಂಡಿನಲ್ಲಿದ್ದ. ತೆರೆಯಲಿಲ್ಲ. ಶೋಧನ್ "ನೋಡಿ ಅಣ್ಣ, ನೋಡಿ," ಎಂದರೂ ಜೇಬಿಗೆ ಹಾಕಿಕೊಂಡ. ಆ ಟ್ರಿಪ್ಪಿನಲ್ಲಿ ಸಿದ್ದಕಟ್ಟೆಯಲ್ಲಿ ಇಳಿದು, ಬದಲಿ ಡ್ರೈವರನ ಕೈಗೆ ಬಸ್ಸು ಕೊಟ್ಟು ಮನೆಗೆ ನಡೆದ. ಜಗಲಿಯಲ್ಲಿ ಇಬ್ಬರೂ ಒಟ್ಟಿಗೆ ಕೂತು ತೆರೆದರು. ಕನ್ನಡಕ ಹಾಕಿಕೊಂಡು ಪಾವ್ಲಿನ್ ಒಂದೊಂದೇ ಅಕ್ಷರ ಓದಿದಳು. ಹೊಸತಾಗಿ ಏನೂ ಕಾಣುತ್ತಿಲ್ಲ. ಮತ್ತೆ ಆರು ತಿಂಗಳಿಗೆ ನೋಡಬೇಕು.

"ಆರು ತಿಂಗಳಿಗೆ ಬಂದರೆ?" ಎಂದ ಲಿಗೋರಿ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನಿಸಿತು.

"ಬರಬಹುದು," ಎಂದಳು ಪಾವ್ಲಿನ್. "ನನಗೂ ಹೆದರಿಕೆ ಉಂಟು. ಈಗ ನಿಮಗೆ ಹೇಳ್ತಾ ಇದ್ದೇನೆ."

ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. ತುಟಿ ಅಲುಗತೊಡಗಿತು. ಅವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆ ಎಂದು ಲಿಗೋರಿಗೆ ಗೊತ್ತು. ಬೇಗ ಮುಗಿಯುವುದಿಲ್ಲ ಎಂಬುದೂ ಗೊತ್ತು. ಅವನು ಎದ್ದು ಒಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟ.